ನಂಬರಿಲ್ಲದ ಜೀಪಿನ ಮಾಲಕರು

ಹಣೆಗೆ ಮೂರೆಳೆ ವಿಭೂತಿ, ಮೈಮೇಲೆ ಮಡಿಕೆ ಮುರಿಯದ ಬಿಳಿ ಅಂಗಿ, ಬಿಳಿ ಧೋತರ. ಇಷ್ಟನ್ನೇ ನೋಡಿದರೆ ಹುಬ್ಬಳ್ಳಿಯ ಯಾವ ಅರಳೆ ಅಂಗಡಿಯ ಗಾದಿಯ ಮೇಲಾದರೂ ಕೂರಿಸಬಹುದಾದ ಸಾಹುಕಾರ. ಕೈ ನೋಡಿದರೆ ಮಾತ್ರ ಉಗುರಿನ ಸಂದಿಯಲ್ಲೆಲ್ಲ ಹಸಿರು ಬಣ್ಣ. ಸೀಮೆಎಣ್ಣೆ ಹಚ್ಚಿ ತಿಕ್ಕಿದರೂ ಹೋಗದ, ಮಿಲಿಟರಿ ಗಾಡಿಗಳ ಆ ಮಂಕು ಹಸಿರು. ಅದೇ ಕೈಯಿಂದ ನನ್ನ ಬಾಡಿಗೆ ಕೋಣೆಯ ಕೀಲಿ ಕೊಡುತ್ತ, "ನಿಮಗ ಟೈಪಿಂಗ್ ಬರತೈತಂತಲ್ರಿ ಬಾಯಾರ?" ಎಂದು ಕೇಳಿದ್ದರು. ಬಾಡಿಗೆಯ ಮಾತು ಬಂದದ್ದು ಆಮೇಲೆ.

ತೊಂಬತ್ತರ ದಶಕದ ನಡುವಿನ ಮಾತು ಇದು. ನಾನು ವಿಮಾ ಕಚೇರಿಯೊಂದರ ಟೈಪಿಸ್ಟ್ ಆಗಿ ಹುಬ್ಬಳ್ಳಿಗೆ ಬಂದವಳು, ದೇಶಪಾಂಡೆ ನಗರದಲ್ಲಿ ಅವರ ಮನೆಯ ಹಿಂದಿನ ಕೋಣೆ ಹಿಡಿದಿದ್ದೆ. ಅವರನ್ನು ಮಾಲಕರು ಎಂದೂ ಅವರ ಹೆಂಡತಿಯನ್ನು ಅಕ್ಕಾರು ಎಂದೂ ಕರೆಯುತ್ತಿದ್ದೆ. ನನಗೆ ಕೂತಲ್ಲಿಂದ ಏಳುವುದೆಂದರೆ ಬೇಸರ. ಮಾಲಕರಿಗೆ ಕೂರುವುದೆಂದರೆ ಶಿಕ್ಷೆ. ಚುರುಮುರಿಯನ್ನು ಅಂಗಳದಲ್ಲಿ ತಿರುಗಾಡುತ್ತ ತಿನ್ನುತ್ತಿದ್ದರು, ಪೇಪರನ್ನು ಗೇಟಿಗೆ ಒರಗಿ ಓದುತ್ತಿದ್ದರು, ಫೋನು ಬಂದರೆ ತಂತಿ ಎಷ್ಟು ದೂರ ಬರುತ್ತದೋ ಅಷ್ಟು ದೂರ ನಡೆದು ಮತ್ತೆ ತಿರುಗುತ್ತಿದ್ದರು. "ಇವರ ಕಾಲಿಗಿ ಗಾಲಿ ಅದಾವು, ಬ್ರೇಕ್ ಒಂದಿಲ್ಲ ನೋಡ್ರಿ" ಎನ್ನುತ್ತಿದ್ದರು ಅಕ್ಕಾರು.

ಅದಕ್ಕೆ ಕಾರಣವನ್ನೂ ಅಕ್ಕಾರೇ ಹೇಳಿದ್ದರು. ಮೀಸೆ ಚಿಗುರುವ ವಯಸ್ಸಿನಲ್ಲಿ ಮಾಲಕರು ಮನೆಗೆ ಹೇಳದೆ ಸೈನ್ಯದ ಭರ್ತಿಗೆ ಸಾಲಿನಲ್ಲಿ ನಿಂತಿದ್ದರಂತೆ. ಎದೆಯ ಅಳತೆಯೂ ಆಗಿತ್ತು. ಅಷ್ಟರಲ್ಲಿ ಅವರಪ್ಪ ಟಾಂಗಾ ಮಾಡಿಕೊಂಡು ಬಂದು, ರಟ್ಟೆ ಹಿಡಿದು ಸಾಲಿನಿಂದ ಎಳೆದು, ನೇರವಾಗಿ ಅರಳೆ ಅಂಗಡಿಗೆ ತಂದು ಗಾದಿಯ ಮೇಲೆ ಕೂರಿಸಿದರು. ಕೂತರು, ವ್ಯಾಪಾರ ಮಾಡಿದರು, ಮಕ್ಕಳನ್ನು ಬೆಳೆಸಿದರು. ಮಕ್ಕಳ ಕೈಗೆ ಅಂಗಡಿ ಬಂದ ತಿಂಗಳೇ ಯಾವುದೋ ದೂರದ ಡಿಪೋದ ಹರಾಜಿಗೆ ಹೋಗಿ, ಸೈನ್ಯದವರು ಬೇಡವೆಂದು ಬಿಟ್ಟ ಹಳೆಯ ಜೀಪೊಂದನ್ನು ಲಾರಿಯ ಮೇಲೆ ಹೇರಿಕೊಂಡು ಬಂದರು. ಸೀಟಿಲ್ಲ, ಹುಡ್ ಇಲ್ಲ, ಎಂಜಿನ್ ಬಿಗಿದುಹೋಗಿದೆ, ಒಳಗೆ ಇಲಿಗಳ ಸಂಸಾರ. ಅದಕ್ಕೆ ಜೀವ ತುಂಬಲು ಹಳೇ ಹುಬ್ಬಳ್ಳಿಯ ಮಿಸ್ತ್ರಿಯೊಬ್ಬನ ಜೊತೆ ಕೂಡಿ ಎರಡು ವರ್ಷ ಒದ್ದಾಡಿದರು. ನಾನು ಬಾಡಿಗೆಗೆ ಬಂದಾಗ ಬಣ್ಣ ಹಚ್ಚುವ ಹಂತದಲ್ಲಿದ್ದರು.

ಅವರ ಆಸೆ ಇಷ್ಟೇ: ಆ ಜೀಪನ್ನು ತಾವೇ ನಡೆಸಿಕೊಂಡು ಹುಬ್ಬಳ್ಳಿಯಿಂದ ಧಾರವಾಡಕ್ಕೆ ಹೋಗಬೇಕು. "ಕಳ್ಳರಂಗ ಸಂದಿಗೊಂದಿ ಹಿಡದ ಅಲ್ಲರಿ. ನನ್ನ ಹೆಸರಿಲೆ ನಂಬರ್ ಹಾಕ್ಕೊಂಡು, ನಡುರಸ್ತೆದಾಗ" ಎನ್ನುತ್ತಿದ್ದರು. ನಂಬರು ಸಿಗುವವರೆಗೆ ಗಾಲಿ ಗೇಟಿನಿಂದ ಹೊರಗೆ ಹೋಗಬಾರದೆಂದು ತಮಗೆ ತಾವೇ ಕಟ್ಟು ಹಾಕಿಕೊಂಡಿದ್ದರು.

ಬಣ್ಣ ಮುಗಿದಾಗ ಅಂಚುಗಳಲ್ಲಿ ಅಲ್ಲಲ್ಲಿ ಬಿಟ್ಟುಹೋಗಿತ್ತು. ಮಿಸ್ತ್ರಿ ತೋರಿಸಿದರೂ ಇವರಿಗೆ ಕಾಣಲಿಲ್ಲ. ಅಕ್ಕಾರು ಹಟ ಹಿಡಿದು ಕಣ್ಣಿನ ಡಾಕ್ಟರ ಬಳಿ ಕರೆದೊಯ್ದರು. ನೋಟ ಬದಿಯಿಂದ ಕಿರಿದಾಗುತ್ತ ಬರುತ್ತಿದೆ, ಹೋದದ್ದು ಮರಳುವುದಿಲ್ಲ, ಔಷಧ ಹಾಕಿದರೆ ಉಳಿದದ್ದು ಸ್ವಲ್ಪ ಕಾಲ ನಿಂತೀತು ಎಂದು ಡಾಕ್ಟರು ಹೇಳಿ ಕಳಿಸಿದರು. ಅಂದು ಮನೆಗೆ ಬಂದವರು ಅಂಗಳದಲ್ಲಿ ಎಷ್ಟು ತಿರುಗಿದರೋ. ಕೊನೆಗೆ ನನ್ನ ಬಾಗಿಲಿಗೆ ಬಂದು, "ಬಾಯಾರ, ನಂಬರಿನ ಅರ್ಜಿ ಲಗೂ ಟೈಪ್ ಮಾಡ್ರಿ. ಇನ್ನ ಮ್ಯಾಲ ನನಗ ಟೈಮ್ ಇಲ್ಲ" ಎಂದರು. ಅಲ್ಲಿಯವರೆಗೆ ನನಗೆ ಅದು ಸಾಹುಕಾರರ ಹುಚ್ಚಾಟವಾಗಿ ಕಂಡಿತ್ತು. ಅಂದಿನಿಂದ ಹಾಗೆ ಕಾಣಲಿಲ್ಲ.

ಸಾರಿಗೆ ಕಚೇರಿಗೆ ಜೀಪನ್ನು ಅರಳೆ ಲಾರಿಯ ಮೇಲೆ ಹೇರಿ ಒಯ್ದೆವು. ಕಾಗದಗಳ ಚೀಲ ಹಿಡಿದು, ಅರ್ಧ ದಿನದ ರಜೆ ಹಾಕಿ, ಗೊಣಗುತ್ತ ನಾನೂ ಹೋದೆ. ತಪಾಸಣೆಯ ಸಾಹೇಬರು ಸಜ್ಜನರು. ಜೀಪನ್ನು ಸುತ್ತು ಹಾಕಿ ನೋಡಿ ಖುಷಿಪಟ್ಟರು.

"ಭಾಳ ಛಲೋ ಮಾಡೀರಿ, ಯಜಮಾನ್ರ. ಆದ್ರ ಈ ಬಣ್ಣ ಆಗೂದಿಲ್ಲ" ಎಂದರು.

"ಯಾಕ್ರಿ ಸಾಹೇಬ್ರ? ಇದರ ಖರೇ ಬಣ್ಣಾನ ಇದು."

"ಹೌದ್ರಿ, ಆದ್ರ ಈ ಹಸರ ಸೈನ್ಯದ ಗಾಡಿಗೋಳಿಗಿ ಅಷ್ಟ. ಉಳದವ್ರು ಹಚ್ಚಂಗಿಲ್ಲ ಅಂತ ಕಾನೂನ ಐತಿ. ನೀವೇನ ಮಿಲಿಟರಿಯವರೇನ್ರಿ?"

ಆ ಮಾತಿನಲ್ಲಿ ಕುಹಕವಿರಲಿಲ್ಲ, ನಿಯಮ ತಿಳಿಸಿದ್ದರಷ್ಟೇ. ಮಾಲಕರು "ಅಲ್ರಿ" ಎಂದರು. ಅಷ್ಟು ಸಣ್ಣ ದನಿಯನ್ನು ನಾನು ಅವರಿಂದ ಕೇಳಿರಲಿಲ್ಲ.

ಬಣ್ಣ ತೆಗೆಯಲು ನಾಳೆ ಮುಂಜಾನೆ ಬರುತ್ತೇನೆ, ನೀವು ಕೈ ಹಚ್ಚಬೇಡಿ ಎಂದು ಮಿಸ್ತ್ರಿ ಹೇಳಿ ಹೋದ. ಮಾಲಕರಿಗೆ ನಾಳೆ ಎಲ್ಲಿಂದ ಬರಬೇಕು? ಅವನ ತಿಕ್ಕುವ ಮಷಿನ್ ಅಂಗಳದಲ್ಲೇ ಇತ್ತು. ಧೋತರ ಎತ್ತಿ ಕಟ್ಟಿ ಶುರು ಮಾಡಿದರು. ಹೊತ್ತು ಮುಳುಗುವಷ್ಟರಲ್ಲಿ ಹಸಿರು ಧೂಳು ಒಣಹಾಕಿದ ಬಟ್ಟೆಯ ಮೇಲೆ, ತುಳಸಿಯ ಮೇಲೆ, ಅಕ್ಕಾರ ಮೊಸರಿನ ಗಡಿಗೆಯ ಮೇಲೆ. ಜೀಪು ಮಾತ್ರ ಬೆತ್ತಲೆಯಾಗಿ ಹೊಳೆಯುತ್ತಿತ್ತು. ಎಷ್ಟು ಚೊಕ್ಕವಾಗಿ ತಿಕ್ಕಿದ್ದರೆಂದರೆ ನಾನೂ ಹೊಗಳಿದೆ. ಹೊಸ ಬಣ್ಣ ಯಾವುದಿರಲಿ ಎಂದಾಗ ಅಕ್ಕಾರು ಕೆಂಪು ಎಂದರು, ಕೆಂಪಾಯಿತು.

ಮತ್ತೆ ಲಾರಿ, ಮತ್ತೆ ಕಚೇರಿ. ಪ್ರತಿ ಗಾಡಿಯ ಅಡಿಕಟ್ಟಿನ ಕಬ್ಬಿಣದ ಮೇಲೆ ಚಾಸಿ ನಂಬರ್ ಎಂದು ಒತ್ತಿರುತ್ತಾರೆ. ಅದರ ಮೇಲೆ ಕಾಗದವಿಟ್ಟು ಪೆನ್ಸಿಲ್ ತಿಕ್ಕಿದರೆ ಅಂಕಿಗಳು ಮೂಡುತ್ತವೆ. ಆ ಕಾಗದ ಅರ್ಜಿಗೆ ಬೇಕೇ ಬೇಕು. ಸಾಹೇಬರು ಬಗ್ಗಿ ತಿಕ್ಕಿದರು. ಬರಿಯ ಕಪ್ಪು ಮೂಡಿತು. ಇನ್ನೊಂದು ಹಾಳೆ ಇಟ್ಟು ತಿಕ್ಕಿದರು. ಮತ್ತೂ ಬರಿಯ ಕಪ್ಪು.

"ನಂಬರ್ ಎಲ್ಲೈತ್ರಿ ಇದರದು?"

ಮಾಲಕರು ಮಂಡಿಯೂರಿ ಬೆರಳಿನಿಂದ ತಡವಿ ನೋಡಿದರು. ಕನ್ನಡಿಯಂತೆ ನುಣುಪು. ಬದಿಯಲ್ಲಿದ್ದ ಅಂಕಿಗಳು ಅವರ ಕಿರಿದಾದ ನೋಟಕ್ಕೆ ಬಿದ್ದಿರಲಿಲ್ಲ. ತುಕ್ಕು, ಬಣ್ಣ, ನಂಬರು ಎಲ್ಲವನ್ನೂ ಒಟ್ಟಿಗೇ ತಿಕ್ಕಿ ಧೂಳು ಮಾಡಿದ್ದರು. "ನಾನ ತಗದ್ನಲ್ರಿ" ಎಂದು ನನ್ನ ಕಡೆ ನೋಡಿದರು.

ನಂಬರಿಲ್ಲದ ಗಾಡಿ ಕಳವಿನದೂ ಇರಬಹುದು. ಆದ್ದರಿಂದ ಇದು ಅದೇ ಜೀಪು ಎಂದು ಎಂಜಿನ್ ನಂಬರಿನ ಆಧಾರದ ಮೇಲೆ ಡಿಪೋದವರು ಬರೆದುಕೊಡಬೇಕು, ಕಳವಿನದಲ್ಲ ಎಂದು ಪೊಲೀಸರು ಬರೆದುಕೊಡಬೇಕು, ಅಳಿಸಿದ ನಂಬರನ್ನು ಮತ್ತೆ ಒತ್ತಲು ಮೇಲಿನವರು ಅನುಮತಿ ಕೊಡಬೇಕು. ಹೊರಗೆ ಬೇವಿನ ಮರದ ಕೆಳಗೆ ಕೂರುತ್ತಿದ್ದ ಏಜೆಂಟನೊಬ್ಬ ಮೆಲ್ಲಗೆ, ಗುಜರಿಗೆ ಹೋದ ಒಂದು ಜೀಪಿನ ನಂಬರ್ ತನ್ನಲ್ಲಿದೆ, ಒಂದು ವಾರದಲ್ಲಿ ಕೆಲಸ ಮುಗಿಸುತ್ತೇನೆ ಎಂದ. ವಾರವೆಂದರೆ ಮಾಲಕರಿಗೆ ಆಗ ದೊಡ್ಡ ಆಮಿಷ. ಒಂದು ಕ್ಷಣ ನಿಂತರು. "ಸತ್ತವರ ಹೆಸರ ಇಟಗೊಂಡು ನಾ ಹ್ಯಾಂಗ ರಸ್ತೆಕ್ಕ ಬರಲೋ ತಮ್ಮಾ?" ಎಂದು ನಡೆದೇಬಿಟ್ಟರು.

ಆಮೇಲೆ ಶುರುವಾಯಿತು ಪತ್ರಗಳ ಪರ್ವ. ನಾನು ಟೈಪ್ ಮಾಡುತ್ತಿದ್ದರೆ ಬೆನ್ನ ಹಿಂದೆ ಅವರ ಶತಪಥ. "ನಿಂದರ್ರಿ ಮಾಲಕ್ರ, ನೀವು ತಿರುಗಿದ್ರ ನನ್ನ ಅಕ್ಷರ ತಪ್ಪತಾವು" ಎಂದು ಗದರಿಸುತ್ತಿದ್ದೆ. ಡಿಪೋದಿಂದ ಉತ್ತರ ಬಂದರೆ ಇಲ್ಲಿ ಸಾಹೇಬರ ವರ್ಗಾವಣೆ, ಹೊಸಬರಿಗೆ ಮತ್ತೆ ಮೊದಲಿನಿಂದ ಕಥೆ. ಅಂಚೆಯವನನ್ನು ಗೇಟಿನಲ್ಲೇ ಹಿಡಿಯುತ್ತಿದ್ದರು. ಒಮ್ಮೆ ಬೇಸತ್ತು, "ಸೈನ್ಯಾಗ ಸೇರೂದ ಇದರಕಿಂತ ಹಗರ ಇತ್ತು ಬಿಡ್ರಿ, ಬರೇ ಎದಿ ಅಳದಿದ್ರು" ಎಂದರು. ಪ್ರತಿ ದಸರೆಗೆ, ಆಯುಧ-ಗಾಡಿಗಳನ್ನು ಪೂಜಿಸುವ ಖಂಡೇಪೂಜೆಯ ದಿನ, ಅಕ್ಕಾರು ಜೀಪಿಗೆ ಚೆಂಡುಹೂವಿನ ಮಾಲೆ ಹಾಕಿ, ಖಾಲಿ ನಂಬರ್ ಪ್ಲೇಟಿನ ಮೇಲೆ ವಿಭೂತಿ ಎಳೆದು, "ಇದಕ್ಕ ಇನ್ನ ಎಷ್ಟ ವರ್ಷ ಕಾಯಿ ಒಡೀಬೇಕ್ರಿ?" ಎಂದು ಗಂಡನನ್ನು ಕೇಳುತ್ತಿದ್ದರು.

ರಸ್ತೆಗಿಳಿಯದ ಜೀಪಿನಲ್ಲಿ ಅವರು ನನಗೆ ಡ್ರೈವಿಂಗ್ ಕಲಿಸಿದರು. ನಾನು ಕೇಳಿರಲಿಲ್ಲ, ಅವರಿಗೆ ಎಂಜಿನ್ ಸುಮ್ಮನಿರಬಾರದಿತ್ತು, ಅಷ್ಟೇ. ಕಾಂಪೌಂಡಿನಲ್ಲಿ ಗೇಟಿನಿಂದ ಬಾವಿಯವರೆಗೆ ಒಂದನೇ ಗೇರು, ಬಾವಿಯಿಂದ ಗೇಟಿನವರೆಗೆ ರಿವರ್ಸ್. ಉಳಿದ ಗೇರುಗಳನ್ನು ಡ್ರೈವಿಂಗ್ ಸ್ಕೂಲಿನ ಕಾರಿನಲ್ಲಿ ಕಲಿತು ಲೈಸೆನ್ಸ್ ಮಾಡಿಸಿದೆ. ಇವತ್ತು ನಾನು ಯಾವ ಕಚೇರಿಯ ಕಿಟಕಿಯ ಮುಂದೂ ಅಳುಕದೆ ನಿಲ್ಲುತ್ತೇನೆ. ಯಾವ ಕಾಗದ ಯಾಕೆ ಬೇಕು ಎಂದು ಕೇಳುತ್ತೇನೆ. ಅದು ಅವರ ಬೆನ್ನಿಗೆ ಅಲೆದು ಕಲಿತದ್ದು, ಆ ಋಣ ನನ್ನ ಮೇಲಿದೆ.

ಹೊಸ ಶತಮಾನ ಬಂದು ಕೆಲವು ವರ್ಷಗಳಾದ ಮೇಲೆ ಅನುಮತಿ ಬಂತು. ನಂಬರು ಒತ್ತಿದರು, ಪೆನ್ಸಿಲ್ಲಿಗೆ ಅಂಕಿಗಳು ಮೂಡಿದವು, ಮಾಲಕರ ಹೆಸರಿನಲ್ಲಿ ಗಾಡಿ ನೋಂದಣಿಯಾಯಿತು. ಅಷ್ಟರಲ್ಲಿ ಅವರ ಕಣ್ಣಿಗೆ ಉಳಿದದ್ದು ಬಳೆಯೊಳಗಿಂದ ನೋಡಿದಷ್ಟು ಜಗತ್ತು, ಅದೂ ಮಂಜು. ಅವರ ಲೈಸೆನ್ಸ್ ನವೀಕರಣಕ್ಕೆ ಡಾಕ್ಟರು ಸಹಿ ಹಾಕಲಿಲ್ಲ. ಎರಡು ದಿನ ಅವರು ಜೀಪಿನ ಹತ್ತಿರ ಸುಳಿಯಲಿಲ್ಲ. ಮೂರನೆಯ ದಿನ ಸ್ನಾನ ಮಾಡಿ, ಬಿಳಿ ಅಂಗಿ ತೊಟ್ಟು, ಕೀಲಿ ತಂದು ನನ್ನ ಕೈಯಲ್ಲಿಟ್ಟರು. "ನಡೀರಿ ಬಾಯಾರ. ನೀವು ಹೊಡೀರಿ, ನಾ ಬಾಜೂಕ ಇರತೇನಿ."

ಅದಾಗಿ ಒಂದು ಮಳೆಗಾಲ ಕಳೆಯುವುದರೊಳಗೆ ಮಾಲಕರು ತೀರಿಕೊಂಡರು. ಅಂಗಳದಲ್ಲಿ ತಿರುಗುತ್ತಿದ್ದವರು ಗೋಡೆ ಹಿಡಿದು ಕುಸಿದರಂತೆ. ನಾನು ಕಚೇರಿಯಿಂದ ಬರುವಷ್ಟರಲ್ಲಿ ಎಲ್ಲ ಮುಗಿದಿತ್ತು. ಅವರನ್ನು ನೆನೆದಾಗ ನನಗೆ ಆ ದಿನ ನೆನಪಾಗುವುದಿಲ್ಲ, ಧಾರವಾಡದ ರಸ್ತೆಗೆ ಹೋದ ಆ ಮುಂಜಾನೆಯೇ ನೆನಪಾಗುತ್ತದೆ.

ಹಿಂದಿನ ಸೀಟಿನಲ್ಲಿ ಸೆರಗು ಬಿಗಿಹಿಡಿದ ಅಕ್ಕಾರು. ಪಕ್ಕದಲ್ಲಿ ಮಾಲಕರು: "ಹಾರ್ನ್ ಹೊಡೀರಿ, ಗೇರ್ ಹಾಕ್ರಿ, ಇಷ್ಟ್ಯಾಕ ಸಾವಕಾಶ?" ಉಣಕಲ್ ಕೆರೆಯ ಹತ್ತಿರ ಒಬ್ಬ ಎಳೆಯ ಪೊಲೀಸ್ ಕೈ ಮಾಡಿ ನಿಲ್ಲಿಸಿ ಕಾಗದ ಕೇಳಿದ. ನಾನು ಎಂಜಿನ್ ಬಂದ್ ಮಾಡುವಷ್ಟರಲ್ಲಿ ಮಾಲಕರು ತಡವರಿಸಿ ಇಳಿದೇಬಿಟ್ಟಿದ್ದರು. ಪೊಲೀಸನಿಗೆ ಕಾಗದ ಕೊಡಲು ಅಷ್ಟು ಸಂಭ್ರಮಪಟ್ಟ ಇನ್ನೊಬ್ಬರನ್ನು ನಾನು ನೋಡಿಲ್ಲ. ಅವನು ಕಣ್ಣಾಡಿಸಿ ಮರಳಿ ಕೊಟ್ಟ.

"ಆತ್ರಿ ಅಜ್ಜಾರ, ಹೋಗ್ರಿ."

"ಹೆಂಗ ಆತು? ಓದ್ರಿ. ಗಟ್ಟ್ಯಾಗಿ ಓದ್ರಿ. ನನಗ ಕಾಣ್ಸೂದಿಲ್ಲ."

ಅವನು ನನ್ನ ಮುಖ ನೋಡಿದ. ಓದು ಎಂದು ಕಣ್ಣಲ್ಲೇ ಬೇಡಿಕೊಂಡೆ. ಹಿಂದೆ ಲಾರಿಗಳು ಹಾರ್ನ್ ಹೊಡೆಯುತ್ತಿದ್ದವು. ಅವನು ಗಾಡಿಯ ನಂಬರು ಓದಿದ, ಮಾಲಕರ ಹೆಸರು ಓದಿದ, ಅವರಪ್ಪನ ಹೆಸರು ಓದಿದ, ಬಣ್ಣ ಕೆಂಪು ಎಂದ, ಚಾಸಿ ನಂಬರನ್ನು ಒಂದೊಂದೇ ಅಂಕಿಯಾಗಿ ಬಿಡಿಸಿ ಹೇಳಿದ. ಒಂದೊಂದಕ್ಕೂ ಮಾಲಕರು "ಹೌದ್ರಿ" ಎನ್ನುತ್ತಿದ್ದರು.

"ಎಲ್ಲಾ ಬರೋಬ್ಬರಿ ಐತ್ರಿ" ಎಂದು ಅವನು ಕಾಗದ ಮಡಿಸಿ ಕೊಟ್ಟ.

ಗಾಡಿ ಹೊರಟಿತು. ಸ್ವಲ್ಪ ದೂರ ಹೋದ ಮೇಲೆ ಮಾಲಕರು ನನ್ನ ಕೈ ಮುಟ್ಟಿ ಹೇಳಿದರು.

"ಹೊಳ್ಳಸ್ರಿ ಬಾಯಾರ. ಅವನ ಮುಂದಿಂದ ಇನ್ನೊಮ್ಮೆ ಹೋಗೂಣು. ಕೇಳಿದ್ರ ಕೇಳಲಿ."

ನಾನು ಜೀಪನ್ನು ಹೊಳ್ಳಿಸಿದೆ.