ಯಾರ ಕಣ್ಣು?

ಟಕ್, ಟಕ್. ಬೆರಳ ಗಂಟಿನಿಂದ ಮಾನಿಟರ್ ಗಾಜಿಗೆ ಎರಡೇ ಏಟು. ಗಂಗಾವತಿಯ ಆ ಮಹಡಿ ಕೋಣೆಯಲ್ಲಿ ಕಂಪ್ಯೂಟರ್ ಮಾಸ್ತರರು ಬೆನ್ನ ಹಿಂದೆ ಬಂದು ನಿಂತರೆ ಮೊದಲು ಆ ಸದ್ದು, ಆಮೇಲೆ ಒಂದೇ ಪ್ರಶ್ನೆ: “ಯಾರದ್ರೀ, ಟೀಚರ್?”

ಕಾನ್ವೆಂಟಿನಲ್ಲಿ ಓದಿ, ಇಂಗ್ಲಿಷ್ ಕಲಿಸಿ ರಿಟೈರ್ ಆದವಳು ನಾನು. ಅರವತ್ತಾರಕ್ಕೆ ಪ್ರೋಗ್ರಾಮಿಂಗ್ ಕಲಿಯುತ್ತೇನೆಂದಾಗ ನಗದವರು ಅವರೊಬ್ಬರೇ. ಅವರಿಗೂ ವಯಸ್ಸಾಗಿತ್ತು, ಅಕ್ಷರ ಕಾಣದೆ ಮೂಗು ಪರದೆಗೆ ತಾಗುವಷ್ಟು ಬಾಗುತ್ತಿದ್ದರು.

ಇರಕಲ್ಲಗಡದಲ್ಲಿ ನಮ್ಮ ಮಹಿಳಾ ಮಂಡಳದ ಕಣ್ಣಿನ ಕ್ಯಾಂಪ್ ಇತ್ತು. ಯಾರಿಗೆ ಯಾವ ಕಣ್ಣಿನ ಆಪರೇಷನ್ ಎಂಬ ಚೀಟಿ ಮುದ್ರಿಸುವ ಪ್ರೋಗ್ರಾಂ ನಾನೇ ಬರೆದೆ. ಮುದ್ರಿಸುವ ಮೆಥಡ್, ಆ ಕೆಲಸ ಮಾಡುವ ಕೋಡಿನ ತುಣುಕು, ಸ್ಟ್ಯಾಟಿಕ್. ಅಂದರೆ ಯಾವೊಬ್ಬ ಪೇಶಂಟಿಗೂ ಸೇರಿದ್ದಲ್ಲ, ಎಲ್ಲರಿಗೂ ಒಂದೇ. ಅದರೊಳಗೆ ‘ಕಣ್ಣು’ ಎಂದು ಬರೆದದ್ದೇ ತಡ, ಎರರ್. ನಾನು ಮಹಾ ಜಾಣೆ! ಕಣ್ಣಿಗೂ ‘ಸ್ಟ್ಯಾಟಿಕ್’ ಅಂಟಿಸಿದೆ. ಎರರ್ ಮಾಯ. ಒಬ್ಬರ ಹೆಸರು ಹಾಕಿ ನೋಡಿದರೆ, ಪರ್ಫೆಕ್ಟ್.

ಟಕ್, ಟಕ್. “ಇನ್ನೊಬ್ಬರನ್ನ ಹಾಕ್ರಿ.”

ಒಬ್ಬಳಿಗೆ ಬಲಗಣ್ಣು, ಇನ್ನೊಬ್ಬನಿಗೆ ಎಡಗಣ್ಣು ಎಂದು ತುಂಬಿ, ಆಮೇಲೆ ಮುದ್ರಿಸಿದೆ. ಎರಡೂ ಚೀಟಿಯಲ್ಲಿ ಎಡಗಣ್ಣು! ಕೊನೆಗೆ ತುಂಬಿದ್ದೇ ಇಬ್ಬರಿಗೂ ಬಂದಿತ್ತು.

“ಊರಿಗೆಲ್ಲ ಒಂದ ಕಣ್ಣು ಮಾಡೀರಲ್ರೀ,” ಎಂದು ನಕ್ಕರು. “ಸ್ಟ್ಯಾಟಿಕ್ ಅಂದ್ರ ಡಂಗುರ ಹೊಡಿಯಾಂವ. ಓಣ್ಯಾಗ ನಿಂತಿರ್ತಾನ, ಯಾರ ಮನ್ಯಾಗೂ ಇಲ್ಲ. ಅಂವ ‘ನಮ್ಮ ಮನಿ ಬಾಗಲಾ ಹಾಕ್ರಿ’ ಅಂದ್ರ ಯಾರ ಮನಿ?”

“ಮತ್ತ ಏನ್ ಮಾಡ್ಲಿ, ಸರ್?”

“ಯಾರ ಮನಿ ಅಂತ ಹೇಳಿ ಕಳಸ್ರಿ. ಪೇಶಂಟನ್ನ ಅವನ ಕೈಯಾಗ ಕೊಡ್ರಿ, ಕಣ್ಣು ಅವರವರ ಮುಖದಾಗ ಇರ್ಲಿ. ಎರರಿನ ಬಾಯಿ ಮುಚ್ಚಸಬ್ಯಾಡ್ರಿ. ಅದೇನ್ ಕೇಳಾಕತ್ತೈತಿ ಅಂತ ಕೇಳ್ರಿ.”

ಕಣ್ಣಿನ ಮುಂದಿನ ‘ಸ್ಟ್ಯಾಟಿಕ್’ ಅಳಿಸಿ, ಮೆಥಡ್ಡಿಗೆ ಪೇಶಂಟನ್ನು ಒಪ್ಪಿಸಿದೆ. ಬಲ, ಎಡ. ಅವರವರದು ಅವರವರಿಗೆ. ಥ್ಯಾಂಕ್ ಗಾಡ್ ಎಂದು ಕುರ್ಚಿಗೆ ಒರಗಿದೆ. ಆ ನಿಟ್ಟುಸಿರು ಈಗಲೂ ಎದೆಯಲ್ಲಿದೆ.

ಅದೇ ಕ್ಯಾಂಪಿನಲ್ಲಿ ಅವರ ಕಣ್ಣಿನ ಪೊರೆಯೂ ಹೋಯಿತು. ಆಮೇಲೆ ಕುಷ್ಟಗಿಯ ಮಗಳ ಮನೆ ಸೇರಿದರು. “ಕ್ಯಾಲೆಂಡರ್‌ನ ಸಣ್ಣಕ್ಷರಾನೂ ಓದ್ತೀನ್ರಿ, ಟೀಚರ್,” ಎಂದು ಫೋನ್ ಮಾಡುತ್ತಿದ್ದರು. ಎರಡು ವರ್ಷ ಹಾಗೆ ಓದಿಕೊಂಡಿದ್ದು, ಅಲ್ಲೇ ತೀರಿಕೊಂಡರು. ನನಗೆ ಹೋಗಲಾಗಲಿಲ್ಲ.

ಹಾಗಾಗಿ ನಾನು ಅವರನ್ನು ಕಡೆಯದಾಗಿ ಕಂಡದ್ದು ಆ ಕ್ಯಾಂಪಿನ ಸಾಲಿನಲ್ಲಿ. ಚೀಟಿಯನ್ನು ಮೂಗಿನ ತನಕ ತಂದು ಓದಿದರು: ಬಲಗಣ್ಣು. ಈ ಸಲ ಮೇಜಿಗೆ ಟಕ್, ಟಕ್ ಎಂದು ಕುಟ್ಟಿದವಳು ನಾನು.

“ಯಾರದ್ರೀ, ಸರ್?”

“ನಂದ ಐತ್ರೀ, ಟೀಚರ್,” ಎಂದರು. ಚೀಟಿ ಜೇಬಿಗಿಟ್ಟುಕೊಂಡು, ನಗುತ್ತ ಡಾಕ್ಟರ ಕೋಣೆಗೆ ಹೋದರು.