ಒಂದು ಸೇರು ತೌಡಿನ ಹೆಸರು

ನನ್ನ ತಮ್ಮನ ಹೆಸರು ತೌಡಪ್ಪ. ಹೌದು, ಎಮ್ಮೆಗೆ ಕಲಗಚ್ಚಿನಲ್ಲಿ ಕಲಸಿಡುವ ಅದೇ ತೌಡು. ನಗುವವರು ಈಗಲೇ ನಕ್ಕು ಮುಗಿಸಿಬಿಡಿ. ಚಿಂತಾಮಣಿ ತಾಲ್ಲೂಕಿನ ನಮ್ಮ ಕೆಂಚಾರ್ಲಹಳ್ಳಿಯಲ್ಲಿ ನಕ್ಕು ನಕ್ಕು ಸುಸ್ತಾದವರು ಬೇಕಾದಷ್ಟು ಜನ ಇದ್ದಾರೆ. ಆ ಹೆಸರಿಟ್ಟ ದಿನ ಮಾತ್ರ ನಮ್ಮ ಮನೆಯಲ್ಲಿ ಯಾರೂ ನಕ್ಕಿರಲಿಲ್ಲ.

ನನ್ನ ಬೆನ್ನಿಗೆ ಹುಟ್ಟಿದ ಮೂರು ಗಂಡುಮಕ್ಕಳೂ ಉಳಿಯಲಿಲ್ಲ. ಒಂದು ಬಾಣಂತಿ ಕೋಣೆಯಲ್ಲೇ ಹೋಯಿತು, ಒಂದು ವಾಂತಿಭೇದಿಗೆ ಹೋಯಿತು, ಮೂರನೆಯದು ಅಂಬೆಗಾಲಿಡುವ ಹೊತ್ತಿಗೆ ಕೆಮ್ಮಿ ಕೆಮ್ಮಿ ಕಣ್ಣುಮುಚ್ಚಿತು. ನಾಲ್ಕನೆಯವನು ಎಪ್ಪತ್ನಾಲ್ಕರಲ್ಲಿ ಹುಟ್ಟಿದಾಗ ನಮ್ಮಪ್ಪನ ತಾಯಿ ಗಂಗುಲಮ್ಮಜ್ಜಿ ತೊಟ್ಟಿಲು ಕಟ್ಟಲು ಬಿಡಲಿಲ್ಲ. “ದೇವರ ಹೆಸರು ಇಟ್ಟಿದ್ದೂ ಆಯ್ತು, ತಾತನ ಹೆಸರು ಇಟ್ಟಿದ್ದೂ ಆಯ್ತು. ಒಳ್ಳೇ ಹೆಸರು ಕೇಳಿದ್ರೆ ಸಾವಿಗೆ ಆಸೆ ಆಗುತ್ತೆ. ಇದನ್ನ ಮಾರ್ಬಿಡ್ರಿ” ಎಂದಳು.

ಮಾರುವುದೆಂದರೆ ನಮ್ಮ ಕಡೆಯ ಒಂದು ಉಪಾಯ. ಮಕ್ಕಳು ನಿಲ್ಲದ ಮನೆಯವರು ಕೂಸನ್ನು ಮೊರದಲ್ಲಿ ಮಲಗಿಸಿ, ತಿಪ್ಪೆಯ ಮೇಲಿಟ್ಟು, ಮಕ್ಕಳು ನಿಂತಿರುವ ಬೇರೆ ಹೆಂಗಸಿಗೆ ಒಂದು ಸೇರು ತೌಡಿಗೆ ಮಾರುತ್ತಾರೆ. ಕೊಂಡವಳು ಕೂಸನ್ನೆತ್ತಿ ಮುದ್ದಾಡಿ, “ನನ್ನ ಮಗನ್ನ ಸ್ವಲ್ಪ ದಿನ ಸಾಕ್ಕೊಡಮ್ಮ” ಎಂದು ಹೆತ್ತವಳ ಕೈಗೇ ಕೊಡುತ್ತಾಳೆ. ಸಾವು ಹುಡುಕಿಕೊಂಡು ಬಂದರೆ ಆ ಮನೆಯಲ್ಲಿ ಅವರ ಮಗು ಇರುವುದೇ ಇಲ್ಲ, ಇರುವುದು ಯಾರದೋ ಸಾಕುಮಗು. ಸಾವಿಗೆ ಇಷ್ಟು ಸುಲಭವಾಗಿ ಮಂಕುಬೂದಿ ಎರಚಬಹುದೇ ಎಂದು ಕೇಳಬೇಡಿ. ಮೂರು ಮಕ್ಕಳನ್ನು ಮಣ್ಣುಮಾಡಿದ ತಾಯಿ ಏನನ್ನಾದರೂ ನಂಬುತ್ತಾಳೆ.

ಕೊಂಡುಕೊಂಡವರು ಎದುರುಮನೆಯ ಹಫೀಜಾ ಬೂಬಮ್ಮ. ಅವರ ಯಜಮಾನರು ಖಲೀಮುಲ್ಲಾ ಸಾಬರು ಊರೂರಿನ ರೇಷ್ಮೆಗೂಡು ಕೊಂಡು ಶಿಡ್ಲಘಟ್ಟಕ್ಕೆ ಸಾಗಿಸುತ್ತಿದ್ದರು. ಬೂಬಮ್ಮನಿಗೆ ನಾಲ್ಕು ಹೆಣ್ಣುಮಕ್ಕಳು, ನಾಲ್ವರೂ ಗುಂಡುಕಲ್ಲಿನಂತಿದ್ದರು. ಅವರು ತಮ್ಮ ಮನೆಯಿಂದ ಸೇರು ತುಂಬ ತೌಡು ತಂದು ನಮ್ಮಮ್ಮನ ಸೆರಗಿಗೆ ಸುರಿದರು. ಆ ತೌಡಿನಿಂದಲೇ ಇವನಿಗೆ ತೌಡಪ್ಪ ಎಂದು ಹೆಸರಾಯಿತು. ಕರೆಯುವಾಗ ಯಾರಿಗೂ ಪ್ರೀತಿ ಉಕ್ಕದಂಥ ಹೆಸರು ಎಂದು ಅಜ್ಜಿಗೆ ಬಹಳ ತೃಪ್ತಿ.

ಇಲ್ಲಿ ನಮ್ಮಮ್ಮ ಲಕ್ಷ್ಮಿದೇವಮ್ಮನ ಬಾಯಿಯ ವಿಷಯ ಹೇಳಲೇಬೇಕು. ಆಕೆಗೆ ‘ನನ್ಮಗ’ ಎನ್ನದೆ ಒಂದು ಮಾತು ಪೂರ್ತಿಯಾಗುತ್ತಿರಲಿಲ್ಲ. ಹಾಲು ಕೊಡದ ಎಮ್ಮೆ, ಬಸ್ಸು ನಿಲ್ಲಿಸದ ಡ್ರೈವರು, ಒಮ್ಮೊಮ್ಮೆ ನಮ್ಮಪ್ಪ, ಎಲ್ಲರೂ ಆಕೆಯ ಬಾಯಲ್ಲಿ ನನ್ಮಗನೇ. ಮಗನಾಗಿ ಹುಟ್ಟಿದವನೊಬ್ಬನನ್ನು ಮಾತ್ರ ಹಾಗೆ ಬೈಯಲಿಲ್ಲ. ಪ್ರೀತಿಯಿಂದಲೂ ‘ನನ್ನ ಮಗ’ ಎನ್ನಲಿಲ್ಲ. ಸಾವು ಎಲ್ಲಿ ಬಾಗಿಲ ಸಂದಿಯಲ್ಲಿ ನಿಂತು ಕೇಳಿಸಿಕೊಂಡೀತೋ ಎಂಬ ಹೆದರಿಕೆ. ಇವನು ಮರ ಹತ್ತಿ ಬಿದ್ದಾಗ, ಹಿಪ್ಪುನೇರಳೆ ಸೊಪ್ಪು ತರಲು ಹೋಗಿ ಗೋಲಿ ಆಡುತ್ತ ನಿಂತಾಗ, “ಲೋ ಬೂಬಮ್ಮನ ಮಗನೇ!” ಎಂದೇ ಕೂಗುತ್ತಿದ್ದಳು. ಅವನು ಮೆಟ್ರಿಕ್ ಪಾಸಾದ ದಿನ ನೆರೆಯವರು ಬಂದು, “ನಿನ್ ಮಗ ಪಾಸಾದ್ನಂತಲ್ಲೇ” ಎಂದರೆ, “ಸಾಕ್ತಾ ಇದೀನಿ ಅಷ್ಟೇ ಕಣಮ್ಮ” ಎಂದು ಒಳಗೆ ಹೋಗಿಬಿಟ್ಟಳು. ನನಗೆ ಸಿಟ್ಟು ಬಂತು. ಒಳಗೆ ಹೋಗಿ ನೋಡಿದರೆ ಒಲೆಯ ಮುಂದೆ ಕೂತು ಒಬ್ಬಳೇ ನಗುತ್ತಿದ್ದಳು.

ತಮ್ಮ ಉಳಿದುಕೊಂಡ. ಉಳಿದದ್ದೇ ಅಲ್ಲ, ಗೂಳಿಯ ಹಾಗೆ ಬೆಳೆದ. ಆಗ ಶುರುವಾಯಿತು ನೋಡಿ ಹೆಸರಿನ ಸುಗ್ಗಿ. “ತೌಡಪ್ಪ ಅಂತಿಟ್ರೆ ಮಗು ನಿಲ್ಲುತ್ತಂತೆ” ಎಂದು ಸುತ್ತಮುತ್ತಲ ಹಳ್ಳಿಗಳಲ್ಲಿ ಮಾತು ಹಬ್ಬಿತು. ಎಂಬತ್ತೈದರ ಹೊತ್ತಿಗೆ ನಮ್ಮೂರ ಶಾಲೆಯಲ್ಲೇ ಮೇಷ್ಟ್ರು “ತೌಡಪ್ಪ” ಎಂದು ಕೂಗಿದರೆ ಮೂಲೆಮೂಲೆಯಿಂದ “ಇದೀನಿ ಸಾರ್” ಬರುತ್ತಿತ್ತು. ಕೆಂಚ ತೌಡಪ್ಪ, ಕೆರೆಯಾಚೆ ತೌಡಪ್ಪ, ಮೂಗು ಸೋರೋ ತೌಡಪ್ಪ ಎಂದು ಗುರುತಿಟ್ಟುಕೊಳ್ಳಬೇಕಾಯಿತು. ನನ್ನ ತಮ್ಮ ಅಸಲಿ ತೌಡಪ್ಪ.

ಸುಗ್ಗಿ ಬಹಳ ವರ್ಷ ನಡೆಯಲಿಲ್ಲ. ಎಂಬತ್ತೈದು ದಾಟಿದ ಮೇಲೆ ನರ್ಸಮ್ಮ ಬುಟ್ಟಿಯಷ್ಟು ದೊಡ್ಡ ಐಸ್ ಡಬ್ಬಿ ಹೊತ್ತು ಮನೆಮನೆಗೆ ಸೂಜಿಮದ್ದು ಹಾಕಲು ಬರತೊಡಗಿದಳು. ವಾಂತಿಭೇದಿಗೆ ಸಕ್ಕರೆ ಉಪ್ಪಿನ ನೀರು ಕುಡಿಸಿ ಎಂದು ಹೇಳಿಕೊಟ್ಟಳು. ಮಕ್ಕಳು ನಿಂತವು. ನಿಂತ ಮಕ್ಕಳಿಗೆ ತೌಡಿನ ಹೆಸರು ಯಾರಿಗೆ ಬೇಕು? ನವೀನ, ಪ್ರವೀಣ, ಸಂತೋಷ ಎಂದು ಇಡತೊಡಗಿದರು. ಆಮೇಲೆ ಯಾವ ಕೂಸನ್ನೂ ಮೊರದಲ್ಲಿ ಮಲಗಿಸಿದ್ದು ನಾನು ಕಾಣೆ. ಒಂದು ಹೆಸರು ಹೀಗೆ ಕಾಣೆಯಾದದ್ದಕ್ಕೆ ನಾನಂತೂ ಆವತ್ತಿನಿಂದ ಇವತ್ತಿನವರೆಗೂ ಖುಷಿಪಟ್ಟಿದ್ದೇನೆ.

ತಮ್ಮ ಟೆಂಪೋ ಓಡಿಸುವುದನ್ನು ಕಲಿತು ಶಿಡ್ಲಘಟ್ಟದ ಮಾರುಕಟ್ಟೆಗೆ ಗೂಡು ಸಾಗಿಸತೊಡಗಿದ. ಟೆಂಪೋ ಹಣೆಯ ಮೇಲೆ ‘ವಿಜಯ್’ ಎಂದು ಕೆಂಪು ಬಣ್ಣದಲ್ಲಿ ಬರೆಸಿದ. ಅದು ಅವನು ತನಗೆ ತಾನೇ ಇಟ್ಟುಕೊಂಡ ಹೆಸರು. ಊರವರು ಅದನ್ನು ಓದಿಯೂ, “ತೌಡಪ್ಪನ ಟೆಂಪೋ ಬಂತು” ಎಂದೇ ಹೇಳುತ್ತಿದ್ದರು.

ತೊಂಬತ್ತೇಳರಲ್ಲಿ ಮಂಡಿಕಲ್ ಕಡೆಯಿಂದ ಹೆಣ್ಣು ಗೊತ್ತಾಯಿತು. ಹುಡುಗಿ ಒಪ್ಪಿದಳು, ಇವನು ಮೊದಲೇ ಒಪ್ಪಿದ್ದ. ಎಲೆಅಡಿಕೆ ಬದಲಾಯಿಸುವ ದಿನ ಹುಡುಗಿಯ ತಾತ ಚೆನ್ನರಾಯಪ್ಪ ತಟ್ಟೆಯನ್ನು ಕೈಗೆತ್ತಿಕೊಂಡವನು ಹಾಗೇ ಕೆಳಗಿಟ್ಟ.

“ಹೆಸರು ಕೇಳಿದ್ರೆ ಮಾರಿದ ಹುಡುಗ ಅಂತ ಗೊತ್ತಾಗುತ್ತೆ. ಬಿಡಿಸ್ಕೊಂಡಿದೀರಾ?” ಎಂದು ಕೇಳಿದ.

ನಮ್ಮಪ್ಪ ನಮ್ಮಮ್ಮನ ಮುಖ ನೋಡಿದ. ಕೊಂಡವಳಿಗೆ ಮದುವೆಗೆ ಮುಂಚೆ ತೌಡು ವಾಪಸು ಕೊಟ್ಟು ಮಗನನ್ನು ಬಿಡಿಸಿಕೊಳ್ಳಬೇಕು, ಅದೂ ಶಾಸ್ತ್ರವೇ. ಅಮ್ಮ ವರ್ಷವರ್ಷವೂ ಮುಂದೂಡಿದ್ದಳು. ಬಿಡಿಸಿಕೊಂಡರೆ ಮತ್ತೆ ತನ್ನ ಮಗನಾಗುತ್ತಾನೆ, ತನ್ನ ಮಕ್ಕಳು ಉಳಿಯುವುದಿಲ್ಲ ಎಂಬುದು ಆಕೆಯ ಲೆಕ್ಕ.

“ಬಿಡಿಸ್ಕೊಳ್ದೆ ಧಾರೆ ಎರೆದ್ರೆ ನಮ್ ಹುಡುಗಿನ ಯಾರ ಮಗನಿಗೆ ಕೊಟ್ಟಂಗಾಯ್ತು? ಬಿಡಿಸ್ಕೊಂಬನ್ನಿ, ಆಮೇಲೆ ಲಗ್ನ” ಎಂದ ಚೆನ್ನರಾಯಪ್ಪ. ಹಟಮಾರಿ ಮುದುಕ, ಆದರೆ ಹೇಳಿದ ಮಾತಿನಲ್ಲಿ ತಪ್ಪಿರಲಿಲ್ಲ.

ಬೂಬಮ್ಮನ ಸಂಸಾರ ಊರು ಬಿಟ್ಟು ಶಿಡ್ಲಘಟ್ಟ ಸೇರಿ ಎಷ್ಟೋ ವರ್ಷವಾಗಿತ್ತು. ಖಲೀಮುಲ್ಲಾ ಸಾಬರು ಅಲ್ಲಿ ನೂಲು ಬಿಚ್ಚಾಣಿಕೆ ಶುರುಮಾಡಿದ್ದರು, ಆಮೇಲೆ ತೀರಿಕೊಂಡರು ಎಂದು ಕೇಳಿದ್ದೆವು. ಅಪ್ಪ ಮಾರನೆಯ ದಿನವೇ ಹೋಗಿ ವಿಚಾರಿಸಿ ಬಂದ. ಬಂದವನು ಜಗಲಿಯ ಮೇಲೆ ಟವಲು ಹಾಕಿ ಕೂತ.

“ಮನೆಗೆ ಬೀಗ ಹಾಕಿತ್ತು. ಪಕ್ಕದ ಟೈಲರ್ ಸಾಬರನ್ನ ಕೇಳಿದೆ. ಬೂಬಮ್ಮ ಹೋಗ್ಬಿಟ್ರಲ್ಲ ಅಂದ್ರು” ಎಂದ.

ಅಮ್ಮ ಬೂಬಮ್ಮನಿಗಾಗಿ ಅತ್ತಳು, ಮಗನಿಗಾಗಿ ಅತ್ತಳು. “ಸತ್ತೋರ ಮಗನ್ನ ಹೆಂಗೆ ಬಿಡಿಸ್ಕೊಳ್ಳೋದು? ಅವಳು ಅಲ್ಲಿಂದ ಕರೆದ್ರೆ ಇವನು ಹೋಗ್ಬೇಕಾಗುತ್ತೆ, ದೇವುಡಾ!” ಎಂದು ಹಣೆ ಚಚ್ಚಿಕೊಂಡಳು. ತಮ್ಮ, “ಅಮ್ಮಾ, ನಾನೆಲ್ಲೂ ಹೋಗಲ್ಲ, ಈ ಮದುವೆನೂ ಬೇಡ ಬಿಡು” ಎಂದ. ಹಾಗೆ ಹೇಳಿ ಹೊರಗೆ ಹೋದವನು ಟೆಂಪೋದ ಗಾಜನ್ನು ಒರೆಸಿದ್ದೇ ಒರೆಸಿದ್ದು. ಆ ಹುಡುಗಿಯ ಮೇಲೆ ಅವನಿಗೆ ಎಷ್ಟು ಮನಸ್ಸಿತ್ತೆಂದು ನನಗೆ ಆಗ ಗೊತ್ತಾಯಿತು.

ಕೊನೆಗೆ ಅಮ್ಮನೇ ಒಂದು ದಾರಿ ಹುಡುಕಿದಳು. ಬೂಬಮ್ಮನ ಗೋರಿಯ ಹತ್ತಿರ ತೌಡು ಇಟ್ಟು ಕೇಳಿಕೊಳ್ಳುವುದು. ಅದೇ ಹಳೆಯ ಮೊರದಲ್ಲಿ ಒಂದು ಸೇರು ತೌಡು ತುಂಬಿ, ಅಮ್ಮ, ಅಪ್ಪ, ನಾನು ತಮ್ಮನ ಟೆಂಪೋ ಹತ್ತಿ ಶಿಡ್ಲಘಟ್ಟಕ್ಕೆ ಹೋದೆವು. ಟೈಲರ್ ಜಿಯಾವುಲ್ಲಾ ಸಾಬರು ಮಿಷನ್ ತುಳಿಯುತ್ತ ಕೂತಿದ್ದರು.

“ಹಫೀಜಾ ಬೂಬಮ್ಮನ್ನ ಎಲ್ಲಿ ಮಣ್ಣುಮಾಡಿದ್ರಿ ಸಾಬರೇ?” ಎಂದು ಅಮ್ಮ ಕೇಳಿದಳು.

ಅವರ ಕಾಲು ಹಾಗೇ ನಿಂತಿತು. “ತೋಬಾ ತೋಬಾ! ಏನಮ್ಮ ಮಾತು! ಯಾರ್ ಹೇಳಿದ್ದು ನಿಮ್ಗೆ?”

“ನೀವೇ ಹೇಳಿದ್ರಿ, ಹೋಗ್ಬಿಟ್ರು ಅಂತ” ಎಂದ ಅಪ್ಪ.

“ಗೌರಿಬಿದನೂರಿಗೆ ಹೋಗ್ಬಿಟ್ರು ಅಂತ ಹೇಳೋದಕ್ಕೆ ಬಾಯಿ ತೆಗೆದೆ! ಮಗಳು ಷಮೀಮ್ ಮನೆಗೆ! ನೀವು ಅರ್ಧ ಕೇಳಿ ಕಣ್ಣೀರ್ ಹಾಕ್ಕೊಂಡು ಹೊರಟೇ ಹೋದ್ರಿ. ನಾನು ಕೂಗಿದೆ ಕೂಡ.”

ಅಮ್ಮ ಅಪ್ಪನ ಕಡೆ ತಿರುಗಿದಳು. “ಇನ್ನೊಂದು ಮಾತು ಕೇಳೋವಷ್ಟು ಹೊತ್ತು ನಿಂತ್ಕೊಳ್ಳೋಕೆ ಏನ್ ರೋಗ ನಿಂಗೆ? ಈ ತೌಡೆಲ್ಲಾ ನಿನ್ ಬಾಯಿಗೇ ಹಾಕ್ಬೇಕು ನನ್ಮಗಂದು!” ಎಂದು ಬೈಯುತ್ತ ಬೈಯುತ್ತ ಅತ್ತಳು, ಅಳುತ್ತ ಅಳುತ್ತ ನಕ್ಕಳು. ಜಿಯಾವುಲ್ಲಾ ಸಾಬರು ನಮಗೆಲ್ಲ ಚಹಾ ತರಿಸಿದರು. ಅಂಥ ರುಚಿಯಾದ ಚಹಾ ನಾನು ಕುಡಿದಿಲ್ಲ.

ಚಿಕ್ಕಬಳ್ಳಾಪುರದ ಮೇಲೆ ಗೌರಿಬಿದನೂರು ಸೇರುವ ಹೊತ್ತಿಗೆ ಮಧ್ಯಾಹ್ನ ಕಳೆದಿತ್ತು. ಬಾಗಿಲು ತೆಗೆದವರು ಬೂಬಮ್ಮನೇ. ಕೂದಲು ಪೂರಾ ನರೆತಿತ್ತು, ಕೈಯಲ್ಲಿ ಸುಲಿದ ಬೆಳ್ಳುಳ್ಳಿ ಇತ್ತು. ಅಮ್ಮನನ್ನು ನೋಡಿ, ಮೊರ ನೋಡಿ, ಹಿಂದೆ ನಿಂತ ಆರಡಿ ಆಳನ್ನು ನೋಡಿದರು.

“ತೌಡಪ್ಪಾ!” ಎಂದು ಅವನ ಕೆನ್ನೆ ಸವರಿದರು. ಬೆಳ್ಳುಳ್ಳಿ ವಾಸನೆಗೆ ಅವನು ಮುಖ ಕೂಡ ತಿರುಗಿಸಲಿಲ್ಲ.

ಅಮ್ಮ ಮೊರವನ್ನು ಅವರ ಮುಂದಿಟ್ಟು, “ಬಿಡಿಸ್ಕೊಳ್ಳೋಕೆ ಬಂದಿದೀನಿ ಕಣಮ್ಮ ಬೂಬಮ್ಮ. ಇವನಿಗೆ ಮದುವೆ” ಎಂದಳು.

“ಕೊಡಲ್ಲ” ಎಂದರು ಬೂಬಮ್ಮ.

ಅಮ್ಮ ಮೊರವನ್ನು ಇನ್ನಷ್ಟು ಮುಂದಕ್ಕೆ ತಳ್ಳಿದಳು.

“ಹೆಂಗೆ ಕೊಡ್ಲಿ? ರಂಜಾನ್ ಹಬ್ಬಕ್ಕೆ ನಾವು ಮನೇಲಿ ಎಷ್ಟು ತಲೆ ಇರುತ್ತೋ ಅಷ್ಟು ಪಾಲು ಗೋಧಿ ಬಡವರಿಗೆ ಕೊಡ್ತೀವಿ, ಫಿತ್ರಾ ಅಂತ. ನಮ್ ಯಜಮಾನ್ರು ಅಳೆದು ಮುಗಿಸಿದ್ರೆ ನಾನು ಇನ್ನೊಂದು ಪಾಲು ಹಾಕಿ ಅಂತಿದ್ದೆ. ಯಾರಿಗೆ ಅಂತ ರೇಗೋರು. ತೌಡಪ್ಪಂಗೆ, ದುಡ್ಡು ಕೊಟ್ಟಂಗೆ ತೌಡು ಕೊಟ್ಟು ತಗೊಂಡಿದೀನಿ, ಅವನೂ ನಮ್ ತಲೆನೇ ಅಂತಿದ್ದೆ. ಒಂದ್ ವರ್ಷಾನೂ ಬಿಟ್ಟಿಲ್ಲ. ಮೊನ್ನೆ ಹಬ್ಬಕ್ಕೂ ಅಳಿಯನ ಕೈಲಿ ಕೊಡ್ಸಿದೀನಿ.”

ನಾವು ಅದನ್ನು ಸಾವಿನ ಕಣ್ಣಿಗೆ ಮಣ್ಣೆರಚುವ ಆಟ ಎಂದುಕೊಂಡಿದ್ದೆವು. ಈಕೆ ಅವನನ್ನು ನಿಜವಾಗಿಯೂ ಕೊಂಡುಕೊಂಡಿದ್ದರು. ತಮ್ಮ ಬಗ್ಗಿ ಅವರ ಕಾಲು ಮುಟ್ಟಿದ.

ಬೂಬಮ್ಮ ಕಣ್ಣೊರೆಸಿಕೊಂಡು ನಕ್ಕರು. “ತಗೊಂಡೋಗು ಲಕ್ಷ್ಮಿದೇವಮ್ಮ, ಚೆನ್ನಾಗಿ ಸಾಕಿದೀಯ. ಹೆಸರು ಮಾತ್ರ ಬದಲಾಯಿಸ್ಬೇಡಿ. ನಾನು ದುವಾ ಕೇಳೋದು ಆ ಹೆಸರಲ್ಲೇ. ಬೇರೆ ಹೆಸರಾದ್ರೆ ಅಲ್ಲಾನಿಗೆ ಯಾರು ಅಂತ ಗೊತ್ತಾಗಬೇಕಲ್ಲ?”

“ಇಲ್ಲಮ್ಮ, ಬದಲಾಯಿಸಲ್ಲ” ಎಂದ ತಮ್ಮ. ಟೆಂಪೋ ಹಣೆಯ ವಿಷಯ ನಾನು ಎತ್ತಲಿಲ್ಲ. ಬೂಬಮ್ಮ ತೌಡನ್ನು ತಮ್ಮ ಸೆರಗಿಗೆ ಸುರಿದುಕೊಂಡು ಬರಿಮೊರವನ್ನು ಅಮ್ಮನ ಕೈಗಿಟ್ಟರು. ಅಲ್ಲಿಗೆ ಮುಗಿಯಿತು. ಮದುವೆಗೆ ಬಂದೇ ಬರುತ್ತೇನೆ ಎಂದು ಷಮೀಮಳ ಕೈಯಲ್ಲೂ ಹೇಳಿಸಿದರು.

ನಾವು ಹೊರಟೆವು. ಅಮ್ಮ ಮುಂದಿನ ಸೀಟಿನಲ್ಲಿ ಮೊರ ತಬ್ಬಿಕೊಂಡು ಕೂತಿದ್ದಳು. ತಮ್ಮನಿಗೆ ಖುಷಿ ತಲೆಗೇರಿತ್ತು. ಮಂಚೇನಹಳ್ಳಿ ದಾಟಿದ ಮೇಲೆ ಒಂದು ತಿರುವಿನಲ್ಲಿ ಬಸ್ಸು ಎದುರಿಗೆ ಬಂತು, ಇವನು ಗಕ್ಕನೆ ಪಕ್ಕಕ್ಕೆ ಎಳೆದ, ಮೊರ ಹಾರಿ ಗಾಜಿಗೆ ಬಡಿಯಿತು.

“ಲೋ ನನ್ಮಗನೇ! ನಿಧಾನಕ್ಕೆ ಓಡ್ಸೋ!” ಎಂದು ಅಮ್ಮ ಕಿರುಚಿದಳು.

ಕಿರುಚಿದವಳು ಎರಡೂ ಕೈಯಿಂದ ಬಾಯಿ ಮುಚ್ಚಿಕೊಂಡಳು. ತಮ್ಮ ಟೆಂಪೋ ನಿಲ್ಲಿಸಿದ. ಇಪ್ಪತ್ತಮೂರು ವರ್ಷದಲ್ಲಿ ಅವನು ಆ ಬೈಗುಳ ತಿಂದಿರಲಿಲ್ಲ.

ಬಸ್ಸು ದಾಟಿ ಹೋಯಿತು. ಏನೂ ಆಗಲಿಲ್ಲ.

“ಇನ್ನೊಂದ್ ಸಲ ಬಯ್ಯಮ್ಮ” ಎಂದ ಅವನು.