ಕೌದಿಯ ಅಂಚಿನ ಏಳನೆಯ ಹೆಸರು

ಮೊನ್ನೆ ಲಿಫ್ಟಿನಲ್ಲಿ ಹನ್ನೊಂದನೆಯ ಮಹಡಿಯ ತಮಿಳು ಹೆಂಗಸು ಬಿಸಿಲಿಗೆ ಒಣಹಾಕಿದ್ದ ಹಳೆಯ ಹೊದಿಕೆಯೊಂದನ್ನು ಎದೆಗವಚಿಕೊಂಡು ನಿಂತಿದ್ದರು. ಬಿಸಿಲುಂಡ ಹಳೆ ಬಟ್ಟೆಯ ವಾಸನೆ ನಿಮಗೂ ಗೊತ್ತಿರಬೇಕು. ಬೇರೆಯವರಿಗೆ ಅದು ಅಜ್ಜಿಯನ್ನು ನೆನಪಿಸುತ್ತದಂತೆ. ನನಗೆ ನೆನಪಾದದ್ದು ನನ್ನ ಹೊಟ್ಟೆಕಿಚ್ಚು.

ಆ ಕಿಚ್ಚಿಗೆ ವಿದ್ಯಾ ಎಂಬ ಹೆಸರಿದೆ. ನನ್ನ ವಾರಗಿತ್ತಿ, ಮೈದುನನ ಹೆಂಡತಿ. ಎರಡೂ ಮನೆಯವರು ಇರುವುದು ಮಲೇಷ್ಯಾದಲ್ಲಿ; ನಾವು ಸುಬಾಂಗ್ ಜಯಾದಲ್ಲಿ, ಅವರು ಅದೇ ಮಹಾನಗರದ ಇನ್ನೊಂದು ಬದಿಯ ಮಾಂಟ್ ಕಿಯಾರಾದಲ್ಲಿ. ಅಣ್ಣತಮ್ಮಂದಿರಿಬ್ಬರಿಗೂ ಒಂದೇ ಊರಿನಲ್ಲಿ ನೌಕರಿ ಸಿಕ್ಕಿತೆಂದು ನಮ್ಮ ಅತ್ತೆ ಹಿಗ್ಗಿದ್ದರು. ನಾನು ಅಷ್ಟೇನೂ ಹಿಗ್ಗಲಿಲ್ಲ. ವಿದ್ಯಾ ಬೆಂಗಳೂರಿನವಳು, ಆದರೂ ಅವಳ ಹೋಳಿಗೆ ಹರಿಯುವುದಿಲ್ಲ. ಧಾರವಾಡದವಳಾದ ನನ್ನದು ಹರಿಯುತ್ತದೆ. ಮನುಷ್ಯರಿಗೆ ಹೊಟ್ಟೆ ಉರಿಯಲು ಇಷ್ಟೇ ಸಾಕು. ಆದರೆ ನನ್ನದು ನಿಜವಾಗಿ ಹೊತ್ತಿಕೊಂಡದ್ದು ಕೌದಿಯಿಂದ.

ಅದು ಅತ್ತೆಯ ತವರಿನ ಕೌದಿ. ಗದಗಿನ ಹತ್ತಿರದ ಹಳ್ಳಿಯೊಂದರಲ್ಲಿ, ಅವರ ಅಜ್ಜಿಯ ಕಾಲದಲ್ಲಿ, ಏಳು ಹೆಂಗಸರು ಹಳೆಯ ಸೀರೆ ಧೋತರಗಳ ತುಂಡುಗಳನ್ನು ಕೂಡಿಸಿ ಹೊಲಿದದ್ದು. ಅಂಚಿನಲ್ಲಿ ಏಳೂ ಜನ ಬಣ್ಣದ ದಾರದಿಂದ ತಮ್ಮ ತಮ್ಮ ಹೆಸರು ಹೊಲಿದಿದ್ದರು. ಹಿರಿಯ ಸೊಸೆ ನಾನಿರುವಾಗ ಅದು ವಿದ್ಯಾಳ ಪಾಲಾಯಿತಲ್ಲ ಎಂದು ಸಿಕ್ಕವರ ಮುಂದೆಲ್ಲ ಹೇಳಿಕೊಂಡಿದ್ದೇನೆ. ಅವರಾರಿಗೂ ಹೇಳದ್ದನ್ನು ನಿಮಗೆ ಹೇಳುತ್ತೇನೆ: ಅತ್ತೆ ಅದನ್ನು ಮೊದಲು ಕೊಡಲು ಬಂದದ್ದು ನನಗೇ. "ಬ್ಯಾಗ್ ಭಾರ ಆಗತದರೀ ಅತ್ತಿ" ಎಂದು ಆ ಜಾಗದಲ್ಲಿ ಎರಡು ಡಬ್ಬಿ ಶೇಂಗಾ ಚಟ್ನಿಪುಡಿ ತುಂಬಿಕೊಂಡವಳು ನಾನು. ಮುಂದಿನ ವರ್ಷ ವಿದ್ಯಾ ಕೇಳಿ ಪಡೆದಳು. ಅವಳು ಅದನ್ನು ಹೊದ್ದು ಕುಳಿತ ಫೋಟೋ ನೋಡಿದ ಗಳಿಗೆಯಿಂದ ನನಗದು ಬೇಕೇ ಬೇಕಾಯಿತು. ಅಷ್ಟರಲ್ಲಿ ಅತ್ತೆಯೂ ತೀರಿಕೊಂಡರು.

ಆಮೇಲೆ ಕೊರೊನಾ ಬಂತು. ಅರ್ಧ ಗಂಟೆಯ ದಾರಿ, ಆದರೆ ನಡುವೆ ಪೊಲೀಸರ ತಡೆ. ತಿಂಗಳುಗಟ್ಟಲೆ ಮುಖ ನೋಡಲಿಲ್ಲ. ಒಂದು ದಿನ ವಿದ್ಯಾ ಫೋನ್ ಮಾಡಿದಳು. ಒಂಬತ್ತು ವರ್ಷದ ಮಗಳು ತಾರಾಗೆ ಮನೆತನದ ಕಥೆ ಹೇಳುವ ಶಾಲೆಯ ಪ್ರಾಜೆಕ್ಟು.

"ಅಕ್ಕ, ನಿಮಗೆ ಆ ಕಡೆಯವರೆಲ್ಲ ಗೊತ್ತಲ್ವಾ? ಈ ಹೆಸರುಗಳು ಯಾರ್ದು ಅಂತ ಹುಡುಕಿಕೊಡ್ತೀರಾ? ಆರು ಸರಿಯಾಗಿದೆ. ಏಳನೇದು ಸವಿತಾ ಇರ್ಬೇಕು, ಪಾಪ, ಗುಡಿಸು ಪಕ್ಕದ ಅಕ್ಷರಕ್ಕೆ ಹೋಗ್ಬಿಟ್ಟಿದೆ. 'ಸವತಿ' ಅಂತ ಹೊಲ್ದಿದಾರೆ!"

ಗದಗಿನಲ್ಲಿ ಅತ್ತೆಯ ಅಕ್ಕ ಇದ್ದರು. ಎಂಬತ್ತು ದಾಟಿದ್ದರೂ ನೆನಪು ಗಟ್ಟಿ. ನಾವೆಲ್ಲ ಅವರನ್ನು ದೊಡ್ಡವ್ವ ಎನ್ನುತ್ತೇವೆ. ಫೋನಿನಲ್ಲಿ ಒಂದೊಂದೇ ಹೆಸರು ಓದಿದೆ. ಶಾಂತವ್ವ ಎದುರು ಮನೆಯ ಸೊಸೆ. ಕಲ್ಲವ್ವ ಗಂಡನ ಹಿಂದೆ ಸೊಲ್ಲಾಪುರದ ಗಿರಣಿಗೆ ಹೋದವಳು, ತಿರುಗಿ ಬರಲಿಲ್ಲ. ಹೀಗೆ ಐದು ಮನೆಗಳ ಕಥೆ ಸರಸರ ಬಂತು. ಉಳಿದದ್ದು ನೀಲವ್ವ ಮತ್ತು ಆ ಏಳನೆಯ ಹೆಸರು.

"ಅದು ಸವಿತಾನೂ ಅಲ್ಲ ಗಿವಿತಾನೂ ಅಲ್ಲವ್ವಾ" ಎಂದರು ದೊಡ್ಡವ್ವ. "ಸವತೀನ ಅದು. ನಮ್ಮ ಅಜ್ಜಗ ಇಬ್ಬರು ಹೆಂಡಂದಿರು. ನೀಲವ್ವಗ ಮಕ್ಕಳಾಗಲಿಲ್ಲ ಅಂತ ಗೌರವ್ವನ್ನ ತಂದ್ರು. ನಮ್ಮಪ್ಪನ್ನ ಹಡದಾಕಿ ಗೌರವ್ವ."

ಏಳು ಜನರಲ್ಲಿ ಅಕ್ಷರ ಬಲ್ಲವಳು ನೀಲವ್ವ ಒಬ್ಬಳೇ. ಇದ್ದಿಲಿನಿಂದ ಅವಳು ಬಟ್ಟೆಯ ಮೇಲೆ ಹೆಸರು ಬರೆದುಕೊಡುವುದು, ಮಿಕ್ಕವರು ಆ ಗೆರೆಯ ಮೇಲೆ ಹೊಲಿಯುವುದು. ಗೌರವ್ವನ ಸರದಿ ಬಂದಾಗ ನೀಲವ್ವ ಬರೆದದ್ದು 'ಸವತಿ'. ಗೌರವ್ವ ಇದ್ದುದರಲ್ಲೇ ಒಳ್ಳೆಯ ಕೆಂಪು ದಾರ ಆರಿಸಿಕೊಂಡು, ತನ್ನ ಹೆಸರೆಂದೇ ತಿಳಿದು, ಎಲ್ಲರಿಗಿಂತ ಅಂದವಾಗಿ ಹೊಲಿದಳು. ವರ್ಷಗಟ್ಟಲೆ ಅದನ್ನೇ ಹೊದ್ದು ಮಲಗಿದಳು.

"ಓದಿ ಹೇಳಿದಾಕಿ ನಾನವ್ವಾ" ಎಂದರು ದೊಡ್ಡವ್ವ. "ಸಾಲ್ಯಾಗ ಎರಡನೇತ್ತೆದಾಗಿದ್ದೆ. ಓದಾಕ ಬರತದ ಅಂತ ಜಂಬ. ಇಬ್ಬರೂ ಕುಂತಿದ್ರು, ಗಟ್ಟಿಯಾಗಿ ಓದಿಬಿಟ್ಟೆ."

"ಜಗಳ ಆತೇನ್ರೀ?"

"ಎರಡು ದಿನ ಗೌರವ್ವ ಮಾತಾಡಲಿಲ್ಲ. ಮೂರನೇ ದಿನ ನನ್ನ ಪಾಟಿ ತಗೊಂಡು ಹೋಗಿ ನೀಲವ್ವನ ಮುಂದ ಇಟ್ಟಳು. 'ನನ್ನ ಹೆಸರ ಹ್ಯಾಂಗ ಬರೀತಾರ, ಕಲಸು' ಅಂದ್ಲು. ನೀಲವ್ವ ಅತ್ತು ಅತ್ತು ಕಲಿಸಿದ್ಲು. ಕೌದಿ ಅಂಚು ಬಿಚ್ಚತೀನಿ ಅಂತ ಕತ್ರೀನೂ ತಂದ್ಲು. ಗೌರವ್ವ ಬ್ಯಾಡ ಅಂದ್ಲು. 'ನೀ ಬರದದ್ದರ ಮ್ಯಾಲ ನಾ ಹೊಲಿಗಿ ಹಾಕೀನಿ. ಇಬ್ಬರದೂ ಐತಿ, ಇರ್ಲಿ' ಅಂದ್ಲು."

ಫೋನ್ ಇಟ್ಟು ಬಾಲ್ಕನಿಗೆ ಬಂದೆ. ವಿದ್ಯಾಳ ಹತ್ತಿರ ಕೌದಿ ಇದ್ದರೇನು, ಅದರ ಜೀವ ನನ್ನ ಕೈಗೆ ಬಂದಿತ್ತು. ಇದನ್ನೂ ಅವಳಿಗೆ ಕೊಟ್ಟುಬಿಟ್ಟರೆ ನನಗೇನು ಉಳಿಯಿತು? ಸಂಜೆ ಅವಳಿಗೆ ಐದು ಮನೆಗಳ ಕಥೆ ಹೇಳಿದೆ. ನೀಲವ್ವ ಅತ್ತೆಯ ಅಜ್ಜನ ಹೆಂಡತಿ ಎಂದಷ್ಟೇ ಹೇಳಿದೆ. ಏಳನೆಯದಕ್ಕೆ, "ಹೂಂ, ಸವಿತಾನ ಇರಬೇಕು. ಯಾರೋ ಆಜುಬಾಜುದಾಕಿ" ಎಂದೆ. ಎಷ್ಟು ಸಲೀಸಾಗಿ ಬಂತು ಆ ಮಾತು, ಈಗಲೂ ನಾಚಿಕೆಯಾಗುತ್ತದೆ.

ಎರಡು ವಾರದ ನಂತರ ಒಂದು ಭಾನುವಾರ ತಾರಾಳ ಪ್ರಾಜೆಕ್ಟು ನೋಡಲು ಎಲ್ಲರೂ ವಿಡಿಯೋ ಕಾಲ್‌ನಲ್ಲಿ ಸೇರಿದೆವು. ಮೊಮ್ಮಗ ಹಿಡಿದ ಫೋನಿನಲ್ಲಿ ದೊಡ್ಡವ್ವನೂ ಇದ್ದರು. ತಾರಾ ಬಣ್ಣದ ಚಾರ್ಟು ಹಿಡಿದು ಇಂಗ್ಲಿಷಿನಲ್ಲಿ ಒಂದೊಂದೇ ಹೆಸರು ಹೇಳುತ್ತ ಬಂದಳು. ಕೊನೆಗೆ, "ಆ್ಯಂಡ್ ದಿಸ್ ಈಸ್ ಸವಿತಾ ಅಜ್ಜಿ, ದ ನೇಬರ್" ಎಂದಳು.

ದೊಡ್ಡವ್ವನ ಮುಖ ತೆರೆಗೆ ಹತ್ತಿರ ಬಂತು. "ಯಾರು ಹೇಳಿದ್ರವ್ವಾ ನಿನಗ?"

"ದೊಡ್ಡಮ್ಮ ಫೌಂಡ್ ಔಟ್" ಎಂದಳು ಮಗು, ಹೆಮ್ಮೆಯಿಂದ. ಅವಳಿಗೆ ದೊಡ್ಡಮ್ಮ ಎಂದರೆ ನಾನು.

ದೊಡ್ಡವ್ವ ನನ್ನನ್ನು ಹುಡುಕಿದರೋ, ಸುಮ್ಮನೆ ತೆರೆ ನೋಡಿದರೋ ಗೊತ್ತಿಲ್ಲ. "ನೀನೂ ನೀಲವ್ವನಂಗ ಬರದಿಯೇನವ್ವಾ?" ಎಂದರು. ಅಷ್ಟೇ. ಉಳಿದವರು ಮುದುಕಿ ಏನೋ ಅಂದಳೆಂದು ನಕ್ಕು, ಚಪ್ಪಾಳೆ ತಟ್ಟಿದರು. ನನ್ನ ಕೈ ಮೇಲೇಳಲಿಲ್ಲ.

ಮರುದಿನ ವಿದ್ಯಾಳಿಗೆ ಫೋನ್ ಮಾಡಿ ಎಲ್ಲವನ್ನೂ ಹೇಳಿದೆ. ಗೌರವ್ವನ ಕಥೆಯನ್ನೂ, ಚಟ್ನಿಪುಡಿಯದನ್ನೂ. ಅವಳು ಬೈಯುತ್ತಾಳೆಂದುಕೊಂಡಿದ್ದೆ. "ಅಕ್ಕ, ಆಕೆ ತಾರಾಳ ಸ್ವಂತ ಮುತ್ತಜ್ಜಿಯ ಅಜ್ಜಿ ಥರ. ಆಕೇನ ಪಕ್ಕದ ಮನೆಯವಳನ್ನಾಗಿ ಮಾಡಿಬಿಟ್ರಲ್ಲ" ಎಂದಳು. ಪೀಳಿಗೆಯ ಲೆಕ್ಕ ಸ್ವಲ್ಪ ತಪ್ಪಿತ್ತು; ತಿದ್ದುವ ಮುಖ ನನಗಿರಲಿಲ್ಲ. "ತಾರಾಗೆ ನೀವೇ ಹೇಳಿ. ನಾನು ಹೇಳಲ್ಲ."

ತಡೆ ತೆಗೆದ ಮೊದಲ ಶನಿವಾರ ಹೋದೆ. ಮಾಸ್ಕಿನೊಳಗಿಂದ ಒಂಬತ್ತು ವರ್ಷದ ಹುಡುಗಿಗೆ ಸವತಿ ಎಂದರೇನೆಂದು ವಿವರಿಸಿದೆ. ನಾನೇಕೆ ಸುಳ್ಳು ಹೇಳಿದೆನೆಂದೂ ವಿವರಿಸಿದೆ. ಮೊದಲನೆಯದಕ್ಕಿಂತ ಎರಡನೆಯದು ಕಷ್ಟವಾಯಿತು. ತಾರಾ ಯೋಚಿಸಿ, ಇಲ್ಲಿಯ ಮಕ್ಕಳ ಹಾಗೆ ಮಾತಿಗೊಂದು 'ಲಾ' ಸೇರಿಸಿ, "ಸೋ ಯು ವರ್ ಜೆಲಸ್ ಲಾ, ದೊಡ್ಡಮ್ಮ" ಎಂದಳು. ಹೌದೆಂದೆ. ಅವಳು ಚಾರ್ಟಿನ 'ಸವಿತಾ'ಗೆ ಗೆರೆ ಎಳೆದು, ಗೌರವ್ವ ಎಂದು ಬರೆಯುವುದು ಹೇಗೆಂದು ಕೇಳಿದಳು. ಒತ್ತಕ್ಷರ ಎರಡು ಸಲ ತಪ್ಪಿತು. ವಿದ್ಯಾ ಅಡುಗೆಮನೆಯ ಬಾಗಿಲಲ್ಲಿ ನಿಂತು ನೋಡುತ್ತಿದ್ದಳು. ಆ ದಿನ ಊಟಕ್ಕೆ ಏಳಿ ಎಂದಳೇ ಹೊರತು ಬೇರೇನೂ ಮಾತಾಡಲಿಲ್ಲ. ಮಾತು ಮೊದಲಿನಂತಾಗಲು ತಿಂಗಳುಗಳೇ ಬೇಕಾದವು.

ನನ್ನ ಹೊಟ್ಟೆಕಿಚ್ಚು ಆರಿತೆಂದು ನೀವು ತಿಳಿದರೆ ತಪ್ಪು. ಲಿಫ್ಟಿನಿಂದ ಇಳಿದವಳೇ ವಿದ್ಯಾಳಿಗೆ ಫೋನ್ ಮಾಡಿದೆ.

"ವಿದ್ಯಾ, ನಿನ್ನ ಕೌದಿ ನೆನಪಾಗಿ ಹೊಟ್ಟಿ ಉರಿಯಾಕತ್ತದ ನೋಡು."

"ಉರೀಲಿ ಬಿಡಿ ಅಕ್ಕ" ಎಂದು ನಕ್ಕಳು. "ಹೇಳಿದ್ರಲ್ಲ, ಸಾಕು. ಕೌದಿ ಮಾತ್ರ ಕೊಡಲ್ಲ."